ನಾಲ್ವರು ಸೇರಿದರೆ ಭಯ ಎಲ್ಲಿ ಹೋಗುತ್ತದೆ?

ಪ್ರಶ್ನೆ: ನಾವು ನಾಲ್ವರು ಕಾಲೇಜು ಗೆಳೆಯರು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಮಂಗಳೂರಿನಲ್ಲಿ, ಇನ್ನೊಬ್ಬ ಟೊರೊಂಟೊದಲ್ಲಿ. ವಾರಾಂತ್ಯದ ರಾತ್ರಿಗಳಲ್ಲಿ ಡಿಸ್ಕಾರ್ಡ್ ಎಂಬ ಆ್ಯಪಿನ ಗುಂಪು ಕರೆಯಲ್ಲಿ ಸೇರಿಕೊಂಡು ಫಾಸ್ಮೋಫೋಬಿಯಾ, ಲೀಥಲ್ ಕಂಪನಿಯಂಥ ಹಾರರ್ ಆಟಗಳನ್ನು ಆಡುತ್ತೇವೆ. ಮೊದಮೊದಲು ಕಿರುಚಾಡುತ್ತಿದ್ದೆವು. ಈಗ ಭಯವೂ ಇಲ್ಲ, ಮಜವೂ ಕಡಿಮೆ. ಒಬ್ಬನಿಗೆ ಎಲ್ಲ ದೆವ್ವಗಳ ಜಾತಕವೂ ಬಾಯಿಪಾಠ; ಅವನು ಹೇಳಿದ ಕಡೆಗೆ ನಾವು ಓಡುತ್ತೇವೆ. ಇನ್ನೊಬ್ಬ ಬೇಗ ಸತ್ತು, ಉಳಿದ ಹೊತ್ತು ಮೊಬೈಲ್ ನೋಡುತ್ತಾ ಕೂರುತ್ತಾನೆ. ವಿಚಿತ್ರವೆಂದರೆ, ನಾನೊಬ್ಬನೇ ಹಾರರ್ ಆಟಕ್ಕೆ ಕುಳಿತರೆ ಸ್ವಲ್ಪ ಹೊತ್ತಿಗೇ ಹೆದರಿ ಎದ್ದುಬಿಡುತ್ತೇನೆ. ಗೆಳೆಯರ ಜೊತೆ ಆಡುವ ಹಾರರ್ ಎಂಬುದೇ ಒಂದು ವಿರೋಧಾಭಾಸವೇ? ಹೊಸ ಆಟ ಕೊಳ್ಳಬೇಕೇ, ಇಲ್ಲ ದೋಷ ನಮ್ಮಲ್ಲಿದೆಯೇ?

ಉತ್ತರ: ಹೊಸ ಆಟ ಕೊಳ್ಳುವ ಮೊದಲು ಡಿಸ್ಕಾರ್ಡ್ ಕರೆಯನ್ನು ಮುಚ್ಚಿ ನೋಡಿ. ನಿಮ್ಮ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಅಲ್ಲಿದೆ ಎಂಬುದು ನನ್ನ ಬಲವಾದ ಅನುಮಾನ. ಆಟಗಳಿಗೆ ಧ್ವನಿ ವಿನ್ಯಾಸ ಮಾಡುವುದು ನನ್ನ ಕಸುಬು. ಹಾಗಾಗಿ ಎಲ್ಲ ರೋಗಕ್ಕೂ ಕಿವಿಯಲ್ಲೇ ಮದ್ದು ಹುಡುಕುವ ಚಾಳಿ ಇವನಿಗಿದೆ ಎಂದು ನೀವು ನಗಬಹುದು. ನಗಿ, ಆದರೆ ಕೊನೆಯವರೆಗೆ ಓದಿ.

ಒಬ್ಬನೇ ಕುಳಿತು ಆಡುವಾಗ ನಿಮಗೂ ಆ ಕತ್ತಲಿಗೂ ನಡುವೆ ಯಾರೂ ಇರುವುದಿಲ್ಲ. ಮುಂದಿನ ಬಾಗಿಲು ತೆರೆಯಬೇಕಾದವರು ನೀವೇ, ತೆರೆಯದೆ ನಿಲ್ಲುವವರೂ ನೀವೇ. ಅಲ್ಲಿಗೆ ಪರಿಚಿತ ದನಿಯೊಂದು ಬಂದು ‘ಊಟ ಆಯಿತಾ’ ಎಂದು ಕೇಳಿದರೆ ಮುಗಿಯಿತು. ಎಂಥ ದೆವ್ವವಾದರೂ ಪೀಠೋಪಕರಣದ ಮಟ್ಟಕ್ಕೆ ಇಳಿಯುತ್ತದೆ. ದೆವ್ವದ ಹಲ್ಲನ್ನು ಇನ್ನೆರಡು ಇಂಚು ಉದ್ದ ಮಾಡಿದರೆ ಈ ನಷ್ಟ ತುಂಬುವುದಿಲ್ಲ. ಆಟ ಕಟ್ಟುವವರು ಕೈ ಹಾಕಬೇಕಾದದ್ದು ಆ ದನಿಗೆ. ಅದು ದೂರವಾಗಬೇಕು, ನಡುವೆ ಕಡಿದುಹೋಗಬೇಕು, ಕೆಲವೊಮ್ಮೆ ಮಾತನಾಡಿದ್ದೇ ಅಪಾಯ ತರಬೇಕು. ಜೊತೆಯಾಟದ ಒಳ್ಳೆಯ ಹಾರರ್ ಆಟಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಮಾತಿನ ಮೇಲೆ ಸುಂಕ ಹಾಕುತ್ತವೆ. ಡಿಸ್ಕಾರ್ಡ್ ಕರೆಯಲ್ಲಿ ಕುಳಿತ ನಿಮ್ಮ ನಾಲ್ವರದು ಸುಂಕ ಕಟ್ಟದ ಕಳ್ಳ ದಾರಿ.

ಫಾಸ್ಮೋಫೋಬಿಯಾವನ್ನೇ ನೋಡಿ. ಬ್ರಿಟನ್ನಿನ ಕೈನೆಟಿಕ್ ಗೇಮ್ಸ್ ಅದನ್ನು ಇನ್ನೂ ಪೂರ್ತಿಯಾಗುವ ಮೊದಲೇ, ಅರ್ಲಿ ಆಕ್ಸೆಸ್ ಆಗಿ, ಆಟಗಳ ಆನ್‌ಲೈನ್ ಮಳಿಗೆಯಾದ ಸ್ಟೀಮ್‌ಗೆ ಬಿಟ್ಟದ್ದು 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಕಾರಣದಿಂದ ಗೆಳೆಯರು ಪರಸ್ಪರ ಮುಖ ನೋಡಲಾಗದೆ ಮನೆಗಳಲ್ಲಿ ಕುಳಿತಿದ್ದ ಕಾಲದಲ್ಲಿ. ಒಂದು ಮನೆ, ಒಂದು ದೆವ್ವ, ಹೆಚ್ಚೆಂದರೆ ನಾಲ್ವರು ಪತ್ತೇದಾರರು. ದೆವ್ವವನ್ನು ಕೊಲ್ಲಲಾಗದು, ಓಡಿಸಲೂ ಆಗದು. ಅದು ಯಾವ ಬಗೆಯದೆಂದು ಗುರುತಿಸಿ ಜೀವಸಹಿತ ವ್ಯಾನಿಗೆ ಮರಳಿದರೆ ಗೆಲುವು. ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಇಎಂಎಫ್ ಮೀಟರ್ 5ನೇ ಹಂತ ಮುಟ್ಟುವುದು, ನೇರಳಾತೀತ ಬೆಳಕಿನಲ್ಲಿ ಕಾಣುವ ಬೆರಳಚ್ಚು, ಕೊರೆಯುವ ಚಳಿ, ನೋಟ್‌ಬುಕ್ಕಿನಲ್ಲಿ ತಾನಾಗಿ ಮೂಡುವ ಬರಹ ಮುಂತಾದ ಸಾಕ್ಷ್ಯಗಳಲ್ಲಿ ಮೂರು ಕೂಡಿಬಂದರೆ ದೆವ್ವದ ಹೆಸರು ಸಿಕ್ಕಿತು. ಇಷ್ಟನ್ನು ಕೇಳಿದರೆ ಗಣತಿ ಕೆಲಸದಂತೆ ಕಾಣುತ್ತದೆ. ಆಟದ ಜಾಣತನ ಇರುವುದು ಬೇರೆ ಕಡೆ.

ಅದರಲ್ಲಿ ಮಾತಿಗೆ ಎರಡು ದಾರಿಗಳಿವೆ. ಹತ್ತಿರವಿದ್ದವರಿಗೆ ನೇರ ದನಿ ಕೇಳಿಸುತ್ತದೆ; ನಾಲ್ಕು ಹೆಜ್ಜೆ ದೂರ ಸರಿದರೆ ಕ್ಷೀಣಿಸುತ್ತದೆ. ದೂರದವರಿಗೆ ವಾಕಿಟಾಕಿ. ದೆವ್ವ ಬೇಟೆಗೆ ಇಳಿದಾಗ ಮುಂಬಾಗಿಲಿಗೆ ಬೀಗ ಬೀಳುತ್ತದೆ, ಟಾರ್ಚ್ ಮಿಣುಕುತ್ತದೆ, ವಾಕಿಟಾಕಿಯಲ್ಲಿ ಗೊರಗೊರ ಸದ್ದು ಬಿಟ್ಟರೆ ಏನೂ ಇಲ್ಲ. ಬೇಟೆಯ ಹೊತ್ತಿನಲ್ಲಿ ನಿಮ್ಮ ಮೈಕಿನ ಸದ್ದು ದೆವ್ವದ ಕಿವಿಗೂ ಬೀಳುತ್ತದೆ. ಅಂದರೆ ಗೆಳೆಯನ ನೆರವು ಅತ್ಯಂತ ಬೇಕಾದ ಕ್ಷಣದಲ್ಲೇ ಅವನನ್ನು ಕರೆಯುವಂತಿಲ್ಲ. ಕೆಲವು ದೆವ್ವಗಳು ಒಂಟಿಯಾಗಿರುವವರಿಗೆ ಮಾತ್ರ ಉತ್ತರಿಸುತ್ತವೆ ಎಂಬ ನಿಯಮ ನನಗೆ ಬಹಳ ಇಷ್ಟ. ನಾಲ್ವರು ಹಿಂಡಾಗಿ ಕೋಣೆಗೆ ನುಗ್ಗಿ, ದೆವ್ವದ ಉತ್ತರ ಕೇಳಿಸುವ ಸ್ಪಿರಿಟ್ ಬಾಕ್ಸ್ ಹಿಡಿದು ಎಷ್ಟು ಕೂಗಿದರೂ ಅದು ಮೌನ. ಯಾರಾದರೂ ಒಬ್ಬರು ಒಳಗೆ ನಿಂತು ಉಳಿದವರು ಹೊರಗೆ ಹೋಗಬೇಕು. ಯಾರು ನಿಲ್ಲುವುದು ಎಂಬ ಚರ್ಚೆ ಶುರುವಾದಾಗಲೇ ಆಟ ಅರ್ಧ ಗೆದ್ದಿರುತ್ತದೆ.

ಇನ್ನೊಂದು ಎಳೆ ಮಾನಸಿಕ ಸ್ಥಿಮಿತದ್ದು. ಕತ್ತಲಲ್ಲಿ ನಿಂತಷ್ಟೂ ಪ್ರತಿಯೊಬ್ಬರ ಸ್ಥಿಮಿತ ಇಳಿಯುತ್ತದೆ. ಸಾಮಾನ್ಯ ದೆವ್ವವೊಂದು ಬೇಟೆಗೆ ಇಳಿಯಬೇಕಾದರೆ ಇಡೀ ತಂಡದ ಸರಾಸರಿ 50 ಶೇಕಡಕ್ಕಿಂತ ಕೆಳಗೆ ಬರಬೇಕು. ಈ ಸರಾಸರಿ ಎಂಬುದು ಎಷ್ಟು ಕಿಲಾಡಿ ಲೆಕ್ಕ ನೋಡಿ: ಒಬ್ಬನ ಉಡಾಫೆಯ ಬೆಲೆಯನ್ನು ಇನ್ನೊಬ್ಬ ತೆರುತ್ತಾನೆ. ಬ್ಯಾನ್‌ಶೀ ಎಂಬ ದೆವ್ವವಂತೂ ನಾಲ್ವರಲ್ಲಿ ಒಬ್ಬನನ್ನು ಗುರಿಯಾಗಿ ಆರಿಸಿಕೊಂಡು ಅವನ ಸ್ಥಿಮಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಆರಿಸಿದ್ದು ಯಾರನ್ನು ಎಂದು ಅದು ಹೇಳುವುದಿಲ್ಲ. ಸತ್ತವನ ಪಾಡು ಇನ್ನೂ ಸೊಗಸಾಗಿದೆ. ಅವನು ಮನೆಯೊಳಗೆ ಅಲೆಯುತ್ತಾ ಎಲ್ಲವನ್ನೂ ನೋಡಬಹುದು, ಆದರೆ ಅವನ ಮಾತು ಬದುಕಿರುವವರಿಗೆ ಕೇಳದು.

ಈಗ ಇದೆಲ್ಲದರ ಮೇಲೆ ನಿಮ್ಮ ಡಿಸ್ಕಾರ್ಡ್ ಕರೆಯನ್ನು ಇಟ್ಟು ನೋಡಿ. ಮಹಡಿಯ ಮೇಲಿರುವವನೂ ವ್ಯಾನಿನಲ್ಲಿರುವವನೂ ಒಂದೇ ಮಟ್ಟದ ದನಿಯಲ್ಲಿ ಕಿವಿಯ ಪಕ್ಕದಲ್ಲೇ ಇದ್ದಾರೆ. ಬೇಟೆಯ ನಡುವೆಯೂ ಹರಟೆ ನಿಲ್ಲುವುದಿಲ್ಲ. ಸತ್ತವನು ‘ಅದು ಅಡುಗೆಮನೆಗೆ ಹೋಯಿತು, ನೀನು ಹೊರಗೆ ಬಾ’ ಎಂದು ಕಾಮೆಂಟರಿ ಕೊಡುತ್ತಾನೆ. ಕೈನೆಟಿಕ್ ಗೇಮ್ಸ್ ಕಟ್ಟಿದ ಒಂದೊಂದು ಗೋಡೆಗೂ ನೀವು ಕಿಟಕಿ ಕೊರೆದಿದ್ದೀರಿ. ಒಳಗೆ ಕತ್ತಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಕಸುಬಿನವನಾಗಿ ಇಲ್ಲಿ ಒಂದು ವಿವರ ಸೇರಿಸುತ್ತೇನೆ. ಸದ್ದು ಯಾವ ದಿಕ್ಕಿನದು ಎಂದು ನಾವು ತಿಳಿಯುವುದರಲ್ಲಿ ಎರಡು ಕಿವಿಗಳ ನಡುವಿನ ಅಂತರಕ್ಕೆ ದೊಡ್ಡ ಪಾತ್ರವಿದೆ. ಬಲಗಡೆಯ ಸದ್ದು ಎಡಗಿವಿಗೆ ಮುಟ್ಟುವುದು ಹೆಚ್ಚೆಂದರೆ ಸುಮಾರು 0.7 ಮಿಲಿಸೆಕೆಂಡ್ ತಡವಾಗಿ, ಸ್ವಲ್ಪ ಮೆತ್ತಗೆ. ಮಿದುಳಿಗೆ ಅಷ್ಟು ಸಾಕು. ಹೆಡ್‌ಫೋನಿನಲ್ಲಿ ಆಟ ಈ ವ್ಯತ್ಯಾಸವನ್ನು ಮರುಸೃಷ್ಟಿಸಬಲ್ಲದು. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಎಲ್ಲವೂ ಮುಂದಿನ ಒಂದೇ ತೂತಿನಿಂದ ಬಂದಂತೆ ಕೇಳಿಸುತ್ತದೆ. ಗೋಡೆ ಅಡ್ಡ ಬಂದಾಗ ಹೆಚ್ಚಿನ ಕಂಪನಾಂಕಗಳು ಮೊದಲು ಸಾಯುತ್ತವೆ. ಸ, ಶ, ತ ಮುಂತಾದ ಹರಿತ ವ್ಯಂಜನಗಳು ಸವೆದು, ಸ್ವರಗಳ ಗುಂಗು ಮಾತ್ರ ಉಳಿಯುತ್ತದೆ. ಆಟ ಇದನ್ನು ಅನುಕರಿಸಿದಾಗ ಗೆಳೆಯ ಕೂಗಿದ್ದು ಗೊತ್ತಾಗುತ್ತದೆ, ಏನು ಕೂಗಿದನೆಂದು ಗೊತ್ತಾಗುವುದಿಲ್ಲ. ಗೆಳೆಯನಿದ್ದಾನೆ, ಆದರೆ ಅವನು ಹೇಳಿದ್ದು ಮುಟ್ಟಲಿಲ್ಲ. ಈ ಬಗೆಯ ಆಟಗಳ ಭಯ ಇರುವುದು ಆ ಕಂದರದಲ್ಲಿ.

ಹಾರರ್ ಆಟಗಳ ಜಗತ್ತು ಇದನ್ನು ಕಂಡುಕೊಳ್ಳಲು ಸಾಕಷ್ಟು ಕಾಲ ತೆಗೆದುಕೊಂಡಿತು. 2003ರಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ ಪ್ಲೇಸ್ಟೇಷನ್ 2ಕ್ಕೆ ರೆಸಿಡೆಂಟ್ ಈವಿಲ್ ಔಟ್‌ಬ್ರೇಕ್ ತಂದಾಗ ಅದರಲ್ಲಿ ಅಂತರ್ಜಾಲದ ಮೂಲಕ ಜೊತೆಯಾಟವಿತ್ತು, ಆದರೆ ಮೈಕ್ ಇರಲಿಲ್ಲ. ಮೊದಲೇ ರೆಕಾರ್ಡ್ ಮಾಡಿದ ಕೆಲವೇ ಮಾತುಗಳನ್ನು ಗುಂಡಿ ಒತ್ತಿ ಆಡಿಸಬೇಕಿತ್ತು. ಅಂದಿನವರಿಗೆ ಅದು ಕೊರತೆಯಾಗಿ ಕಂಡಿತು. ಇಂದು ಹಿಂದಿರುಗಿ ನೋಡಿದರೆ ಆ ಕೊರತೆಯಲ್ಲೇ ಒಂದು ದಾರಿ ಇತ್ತು. ಕ್ಯಾಪ್ಕಾಮ್ ಆ ದಾರಿ ಹಿಡಿಯಲಿಲ್ಲ. 2009ರ ರೆಸಿಡೆಂಟ್ ಈವಿಲ್ 5ರಲ್ಲಿ ಆಟದುದ್ದಕ್ಕೂ ಕ್ರಿಸ್‌ನ ಜೊತೆ ಇನ್ನೊಬ್ಬ ಆಟಗಾರ ಆಡಿಸಬಹುದಾದ ಶೇವಾ ಇರುತ್ತಾಳೆ, ಕೈತುಂಬ ಗುಂಡುಗಳಿರುತ್ತವೆ, ತಲೆಯ ಮೇಲೆ ಆಫ್ರಿಕಾದ ಸುಡುಬಿಸಿಲಿರುತ್ತದೆ. ಚೆನ್ನಾಗಿ ಮಾರಾಟವಾಯಿತು, ಇಬ್ಬರು ಕುಳಿತು ಆಡಲು ಇಂದಿಗೂ ಸೊಗಸು. ಆದರೆ ಅದು ಹಾರರ್ ಬಟ್ಟೆ ತೊಟ್ಟ ಗುಂಡಿನಾಟ. ಜೊತೆಯಾಟಕ್ಕೂ ಭಯಕ್ಕೂ ಆಗಿಬರುವುದಿಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದ್ದು ಅಂಥ ಆಟಗಳಿಂದ.

ಡೆಡ್ ಸ್ಪೇಸ್ 3 ಕೂಡ ಅದೇ ಬೈಗುಳ ತಿಂದ ಆಟ. 2013ರಲ್ಲಿ ಬಂದಾಗ, ಒಂಟಿತನವೇ ಜೀವಾಳವಾಗಿದ್ದ ಸರಣಿಗೆ ಎರಡನೆಯವನನ್ನು ತುರುಕಿದರು ಎಂದು ಅಭಿಮಾನಿಗಳು ಸಿಟ್ಟಾದರು. ಅವರ ಸಿಟ್ಟಿನ ಗದ್ದಲದಲ್ಲಿ ಆಟದ ಅತ್ಯುತ್ತಮ ಕಲ್ಪನೆಯೊಂದು ಬಹುತೇಕರ ಕಣ್ಣಿಗೆ ಬೀಳದೆ ಹೋಯಿತು. ಇಬ್ಬರು ಆಡಿದಾಗ ಮಾತ್ರ ತೆರೆದುಕೊಳ್ಳುವ ಕೆಲವು ಕಾರ್ಯಾಚರಣೆಗಳಲ್ಲಿ ಕಾರ್ವರ್ ಪಾತ್ರದವನಿಗೆ ಭ್ರಮೆಗಳು ಕಾಣುತ್ತವೆ. ಐಸಾಕ್ ಪಾತ್ರದವನ ಪರದೆಯಲ್ಲಿ ಅದೇ ಜಾಗ ಖಾಲಿ. ‘ಅಲ್ಲಿ ನೋಡು’ ಎಂದು ಒಬ್ಬ, ‘ಏನೂ ಇಲ್ಲವಲ್ಲ’ ಎಂದು ಇನ್ನೊಬ್ಬ. ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಇಬ್ಬರಿಗೆ ಎರಡು ಸತ್ಯ ತೋರಿಸುವುದು ಒಬ್ಬನೇ ಆಡುವ ಆಟಕ್ಕೆ ಎಂದಿಗೂ ಸಾಧ್ಯವಾಗದ ತಂತ್ರ. ಆದ್ದರಿಂದ ‘ವಿರೋಧಾಭಾಸವೇ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಖಚಿತವಾಗಿ ಇಲ್ಲ. ಜೊತೆಯಾಟದ ಹಾರರ್‌ಗೆ ಅದರದೇ ಆದ ಭಯವಿದೆ. ಒಂಟಿಯಾಟದ ಭಯವನ್ನು ನಾಲ್ಕು ಭಾಗ ಮಾಡಿ ಹಂಚಿದರೆ ಮಾತ್ರ ಪ್ರತಿಯೊಬ್ಬರಿಗೂ ಚೂರುಪಾರು ಸಿಗುತ್ತದೆ.

ಲೀಥಲ್ ಕಂಪನಿಗೆ ಬರೋಣ. ಜ಼ೀಕರ್ಸ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಒಬ್ಬನೇ ವ್ಯಕ್ತಿ ಕಟ್ಟಿ 2023ರ ಅಕ್ಟೋಬರಿನಲ್ಲಿ ಬಿಟ್ಟ ಆಟ. ಅನ್ಯಗ್ರಹಗಳ ಪಾಳುಬಿದ್ದ ಕಟ್ಟಡಗಳಿಂದ ಗುಜರಿ ಹೊತ್ತು ತಂದು ಕಂಪನಿಗೆ ಮಾರಬೇಕು. ಮೊದಲ ಗುರಿ ಆಟದ ಹಣದಲ್ಲಿ 130, ಗಡುವು ಮೂರು ದಿನ. ಮುಟ್ಟದಿದ್ದರೆ ಕಂಪನಿ ನಿಮ್ಮನ್ನು ಹಡಗಿನಿಂದ ಬಾಹ್ಯಾಕಾಶಕ್ಕೆ ಎಸೆಯುತ್ತದೆ. ಮುಟ್ಟಿದರೆ ಗುರಿ ಏರುತ್ತದೆ. ತಿಂಗಳ ಕೊನೆಯ ಟಾರ್ಗೆಟ್ ಒತ್ತಡದಲ್ಲಿ ದುಡಿದ ಯಾರಿಗಾದರೂ ಇದರ ವ್ಯಂಗ್ಯವನ್ನು ವಿವರಿಸಬೇಕಾಗಿಲ್ಲ.

ಇದರಲ್ಲಿ ಗೆಳೆಯ ಸತ್ತ ಸುದ್ದಿಯನ್ನು ಆಟ ಪ್ರಕಟಿಸುವುದಿಲ್ಲ. ಪಕ್ಕದ ಕಾರಿಡಾರಿನಿಂದ ಅವನ ನಗು ಕೇಳಿಸುತ್ತಿರುತ್ತದೆ, ನಡುವೆ ನಿಂತುಹೋಗುತ್ತದೆ. ನಗು ಮುಗಿಯಿತೋ, ಅವನು ಮುಗಿದನೋ ಎಂದು ನೀವೇ ಹೋಗಿ ನೋಡಬೇಕು. ಕಣ್ಣಿಲ್ಲದ ನಾಯಿಗಳು ಸದ್ದು ಹಿಡಿದು ಬರುತ್ತವೆ, ಮೈಕಿನಲ್ಲಿ ಬಂದ ಸದ್ದೂ ಅದರಲ್ಲಿ ಸೇರಿದೆ. ಮೈಕ್ ಸದಾ ತೆರೆದಿಟ್ಟು ಆಡುವವರ ಮನೆಯ ಕುಕ್ಕರ್ ಸೀಟಿಗೂ ಅವು ಕಿವಿ ನಿಮಿರಿಸಬಲ್ಲವು ಎಂಬುದನ್ನು ನೆನಪಿಡಿ. ಕಾಯಿಲ್‌ಹೆಡ್ ಎಂಬುದು ನೀವು ನೋಡುತ್ತಿರುವಷ್ಟು ಹೊತ್ತು ಅಲುಗುವುದಿಲ್ಲ. ಕಣ್ಣು ತಪ್ಪಿದರೆ ಮೇಲೆ ಬಿದ್ದಿರುತ್ತದೆ. ಒಬ್ಬ ಅದನ್ನು ದಿಟ್ಟಿಸುತ್ತಾ ನಿಂತರೆ ಉಳಿದವರು ಪಾರಾಗಬಹುದು, ಆದರೆ ನಿಂತವನು ಹೇಗೆ ಬರುವುದು? ಇನ್ನು ಆ ಹುಡುಗಿಯ ದೆವ್ವ. ಅದು ಕಾಡಲು ಆರಿಸಿಕೊಂಡವನಿಗೆ ಮಾತ್ರ ಕಾಣುತ್ತದೆ. ಉಳಿದವರಿಗೆ ಕಾಣುವುದು ಖಾಲಿ ಜಾಗದಿಂದ ಕಿರುಚಿ ಓಡುತ್ತಿರುವ ಗೆಳೆಯ. ಅವರು ನಗುತ್ತಾರೆ. ಅವನಿಗೆ ಆ ನಗುವೇ ದೆವ್ವಕ್ಕಿಂತ ಕ್ರೂರವಾಗಿ ಕೇಳಿಸುತ್ತದೆ.

ನಗುವಿನ ಮಾತು ಬಂದದ್ದರಿಂದ ಒಂದು ವಿಷಯ. ‘ಭಯಪಡುವ ಬದಲು ನಗುತ್ತೇವೆ’ ಎಂದು ಬೇಸರಪಡುವವರು ಅನೇಕರಿದ್ದಾರೆ. ನಮ್ಮ ಅಲಂಕಾರಶಾಸ್ತ್ರಕಾರರು ಹಾಸ್ಯಕ್ಕೆ ಭಯಾನಕ ವಿರೋಧಿ ರಸ ಎಂದು ಬರೆದಿಟ್ಟಿದ್ದಾರೆ, ಅವರು ತಿಳಿಯದೆ ಬರೆದವರಲ್ಲ. ಎರಡೂ ಏಕಕಾಲಕ್ಕೆ ಒಂದೇ ಮನಸ್ಸಿನಲ್ಲಿ ನಿಲ್ಲುವುದಿಲ್ಲ ನಿಜ. ಆದರೆ ಇಲ್ಲಿ ಮನಸ್ಸುಗಳು ನಾಲ್ಕು. ಒಬ್ಬನ ಭಯಾನಕ ಅದೇ ಕ್ಷಣದಲ್ಲಿ ಇನ್ನೊಬ್ಬನ ಹಾಸ್ಯವಾಗಬಹುದು, ಮರುಗಳಿಗೆಯಲ್ಲಿ ಪಾತ್ರಗಳು ಅದಲುಬದಲಾಗಬಹುದು. ಬಿಗಿದ ಮೈ ನಗುವಿನಲ್ಲಿ ಸಡಿಲಗೊಂಡಾಗಲೇ ಮುಂದಿನ ಪೆಟ್ಟು ಚೆನ್ನಾಗಿ ಬೀಳುವುದು. 2008ರಲ್ಲಿ ವಾಲ್ವ್ ಪ್ರಕಟಿಸಿದ, ನಾಲ್ವರು ಸೇರಿ ಜೋಂಬಿಗಳ ನಡುವೆ ದಾರಿ ಮಾಡಿಕೊಳ್ಳುವ ಲೆಫ್ಟ್ 4 ಡೆಡ್ ಈ ಏರಿಳಿತವನ್ನು ಯಂತ್ರಕ್ಕೇ ಕಲಿಸಿತ್ತು. ಅದರ ಎಐ ಡೈರೆಕ್ಟರ್ ಪ್ರತಿ ಆಟಗಾರ ಎಷ್ಟು ಒತ್ತಡದಲ್ಲಿದ್ದಾನೆ ಎಂದು ಅಂದಾಜಿಸಿ, ಏರಿಸಿ, ತುದಿಯಲ್ಲಿ ಸ್ವಲ್ಪ ಹಿಡಿದು, ಆಮೇಲೆ ಉದ್ದೇಶಪೂರ್ವಕವಾಗಿ ಬಿಡುವು ಕೊಡುತ್ತದೆ. ಬಿಡುವಿಲ್ಲದ ಭಯ ಬರೀ ದಣಿವು. ನೀವು ನಗುತ್ತಿದ್ದೀರಿ ಎಂಬ ಕಾರಣಕ್ಕೆ ಆಟ ಕೆಟ್ಟಿದೆ ಎಂದುಕೊಳ್ಳಬೇಡಿ. ನಗುವೂ ನಿಂತು, ಬಾಯಿಪಾಠ ಒಪ್ಪಿಸಿದಂತೆ ಆಡುತ್ತಿದ್ದೀರಲ್ಲ, ಅದು ಕೆಟ್ಟಿರುವ ಲಕ್ಷಣ.

ಅಲ್ಲಿಗೆ ನಿಮ್ಮ ಆ ಪಂಡಿತ ಗೆಳೆಯನ ಬಳಿಗೆ ಬಂದೆವು. ಅವನನ್ನು ಬೈಯುವ ಮೊದಲು ಆಟವನ್ನೂ ಸ್ವಲ್ಪ ಬೈಯಬೇಕು. ಫಾಸ್ಮೋಫೋಬಿಯಾದ ದೊಡ್ಡ ಹುಳುಕು ಇದೇ: ಅದು ಕೊಡುವ ಬಹುಮಾನ ತಿಳಿವಳಿಕೆ, ತಿಳಿವಳಿಕೆಯೇ ಭಯಕ್ಕೆ ವಿಷ. ಇಪ್ಪತ್ತಕ್ಕೂ ಹೆಚ್ಚು ಬಗೆಯ ದೆವ್ವಗಳು, ಪ್ರತಿಯೊಂದಕ್ಕೂ ಗುಟ್ಟಿನ ಚಾಳಿ. ಪಳಗಿದವನು ಹೆಜ್ಜೆ ಸದ್ದಿನ ವೇಗ ಕೇಳಿಯೇ ಇದು ರೆವನಂಟ್, ಇದು ಡಿಯೋಜೆನ್ ಎನ್ನುತ್ತಾನೆ. ಕಠಿಣ ಹಂತಗಳಿಗೆ ಹೋದರೆ ಭಯ ಮರಳಬಹುದು ಎಂದುಕೊಂಡರೆ ಅಲ್ಲೂ ಎಡವುತ್ತೀರಿ. ನೈಟ್‌ಮೇರ್ ಹಂತದಲ್ಲಿ ಮೂರರಲ್ಲಿ ಒಂದು ಸಾಕ್ಷ್ಯವನ್ನು ಆಟ ಮುಚ್ಚಿಡುತ್ತದೆ. ಆಗ ದೆವ್ವದ ವರ್ತನೆಯನ್ನು ಅರಿತವನೇ ಗತಿ, ಪಂಡಿತನ ಹಿಡಿತ ಇನ್ನೂ ಬಿಗಿಯಾಗುತ್ತದೆ. ನೋಡಿ ಬಂದ ಸಿನಿಮಾಕ್ಕೆ ಮತ್ತೆ ಬಂದು, ಪಕ್ಕದ ಸೀಟಿನಲ್ಲಿ ಕುಳಿತು ‘ಈಗ ಬರುತ್ತದೆ ನೋಡು’ ಎನ್ನುವವನ ಜೊತೆ ಮೂರು ಗಂಟೆ ಕಳೆದಂತೆ.

ಅವನಿಗೆ ಸುಮ್ಮನಿರು ಎಂದರೆ ಎರಡು ವಾರ ಸುಮ್ಮನಿದ್ದು ಗುಂಪು ಬಿಡುತ್ತಾನೆ. ಬದಲಿಗೆ ಅವನ ತಿಳಿವಳಿಕೆಗೂ ಅಪಾಯಕ್ಕೂ ನಡುವೆ ದೂರ ಇಡಿ. ಲೀಥಲ್ ಕಂಪನಿಯಲ್ಲಿ ಹಡಗಿನಲ್ಲೇ ಉಳಿಯುವ ಒಂದು ಹುದ್ದೆ ಇದೆ. ಮಾನಿಟರಿನಲ್ಲಿ ನಕ್ಷೆ ನೋಡುತ್ತಾ, ಟರ್ಮಿನಲ್‌ನಲ್ಲಿ ಸಂಕೇತ ಬರೆದು ದೊಡ್ಡ ಬಾಗಿಲುಗಳನ್ನು ತೆರೆಯುವುದು, ಗುಂಡು ಹಾರಿಸುವ ಯಂತ್ರಗಳನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು ಅವನ ಕೆಲಸ. ಅವನಿಗೆ ಬಹಳಷ್ಟು ಕಾಣುತ್ತದೆ, ಮುಟ್ಟಲು ಆಗುವುದಿಲ್ಲ. ಮಾನಿಟರ್ ಒಂದು ಬಾರಿಗೆ ಒಬ್ಬನ ಸುತ್ತಲನ್ನಷ್ಟೇ ತೋರಿಸುತ್ತದೆ. ಒಳಗಿರುವವರ ಕೈಯಲ್ಲಿ ವಾಕಿಟಾಕಿ ಇಲ್ಲದಿದ್ದರೆ ಅವನ ಪಾಂಡಿತ್ಯವೆಲ್ಲ ಹಡಗಿನ ಗೋಡೆಗೆ ಮೀಸಲು. ಒಂದೇ ವಾಕಿಟಾಕಿ ಕೊಂಡು ಆಡಿ ನೋಡಿ. ಅದನ್ನು ಹಿಡಿದವನು ಸತ್ತಾಗ ಉಳಿದವರ ಮುಖ ನೋಡಬೇಕು. ಫಾಸ್ಮೋಫೋಬಿಯಾದಲ್ಲೂ ವ್ಯಾನಿನ ಕುರ್ಚಿ ಇದೆ, ಆದರೆ ಅಲ್ಲಿ ಕುಳಿತವನಿಗೆ ಮಾಡಲು ಅಷ್ಟು ಕೆಲಸವಿಲ್ಲ, ಬೇಗ ಆಕಳಿಸುತ್ತಾನೆ.

ಬೇಗ ಸಾಯುವ ಗೆಳೆಯನ ವಿಷಯ ನನಗೆ ಇದಕ್ಕಿಂತ ಗಂಭೀರವಾಗಿ ಕಾಣುತ್ತದೆ. ಇದು ಈ ಪ್ರಕಾರದ ಹಳೆಯ ಗಾಯ. ಸಾವಿಗೆ ಬೆಲೆ ಇಲ್ಲದಿದ್ದರೆ ಭಯವಿಲ್ಲ. ಬೆಲೆ ಎಂದರೆ ಸುತ್ತಿನಿಂದ ಹೊರಬೀಳುವುದು. ಹೊರಬಿದ್ದವನು ಇಪ್ಪತ್ತು ನಿಮಿಷ ಗೆಳೆಯರ ಬೆನ್ನು ನೋಡುತ್ತಾ ಕೂರಬೇಕು. ವಾರಕ್ಕೊಮ್ಮೆ ಸಿಗುವ ಎರಡು ಗಂಟೆಯಲ್ಲಿ ಅದು ದೊಡ್ಡ ಪಾಲು. ಲೆಫ್ಟ್ 4 ಡೆಡ್ ಇದಕ್ಕೆ ಕಂಡುಕೊಂಡ ಉಪಾಯ ಇಂದಿಗೂ ಮಾದರಿ. ಬಿದ್ದವನು ಕೂಡಲೇ ಸಾಯುವುದಿಲ್ಲ, ನೆಲದಲ್ಲೇ ಕುಳಿತು ಪಿಸ್ತೂಲು ಹಾರಿಸುತ್ತಾ ರಕ್ಷಣೆಗೆ ಕಾಯುತ್ತಾನೆ. ಸತ್ತವನು ಮುಂದಿನ ದಾರಿಯಲ್ಲಿ ಒಂದು ಬಾಗಿಲ ಹಿಂದೆ ಮತ್ತೆ ಸಿಗುತ್ತಾನೆ, ಯಾರಾದರೂ ಬಂದು ತೆರೆಯುವವರೆಗೆ ಕೂಗುತ್ತಿರುತ್ತಾನೆ. ಹಂಟರ್ ಎಂಬ ಜೋಂಬಿ ಮೇಲೆ ಬಿದ್ದಾಗ, ಸ್ಮೋಕರ್‌ನ ನಾಲಿಗೆ ಎಳೆದೊಯ್ಯುವಾಗ ಸಾಮಾನ್ಯವಾಗಿ ಇನ್ನೊಬ್ಬರು ಬಂದೇ ಬಿಡಿಸಬೇಕು. ಗೆಳೆಯ ತಿರುಗಿ ನೋಡುತ್ತಾನೋ ಇಲ್ಲವೋ ಎಂಬುದು ಜೊತೆಯಾಟದಲ್ಲಿ ಮಾತ್ರ ಹುಟ್ಟಬಲ್ಲ ಭಯ.

ಲೀಥಲ್ ಕಂಪನಿಯಲ್ಲಿ ಸತ್ತವರು ತಮ್ಮತಮ್ಮಲ್ಲಿ ಹರಟಬಹುದು, ಹಡಗನ್ನು ಬೇಗ ಹೊರಡಿಸಲು ಮತ ಹಾಕಬಹುದು. ಸತ್ತವರ ಆ ಕೋಣೆ ಎಷ್ಟೋ ಸಲ ಬದುಕಿರುವವರ ಲೋಕಕ್ಕಿಂತ ಗೆಲುವಾಗಿರುತ್ತದೆ. ನಿಮ್ಮ ಗೆಳೆಯ ಅಲ್ಲಿಗೆ ಹೋಗದೆ ಮೊಬೈಲಿಗೆ ಹೋಗುತ್ತಿರುವುದಕ್ಕೂ ಡಿಸ್ಕಾರ್ಡೇ ಕಾರಣವಿರಬಹುದು. ಸತ್ತರೂ ಕರೆಯಲ್ಲಿದ್ದು, ‘ಹೇಳಬೇಡ, ನೀನು ಸತ್ತಿದ್ದೀಯ’ ಎಂದು ಗದರಿಸಿಕೊಳ್ಳುವವನು ಇನ್ನೇನು ಮಾಡಬೇಕು? ಇಲ್ಲಿ ಆಟದ ಮೇಲೂ ನನ್ನದೊಂದು ದೂರಿದೆ. ಎಲ್ಲರೂ ಸತ್ತರೆ ಹಡಗಿನಲ್ಲಿ ಅಲ್ಲಿಯವರೆಗೆ ಕೂಡಿಟ್ಟ ಗುಜರಿಯೆಲ್ಲ ಮಾಯ. ಕೊನೆಯವನ ಮೇಲೆ ಬೀಳುವ ಒತ್ತಡಕ್ಕೆ ಇದು ಒಳ್ಳೆಯದೇ, ಆದರೆ ಎರಡು ಗಂಟೆಯ ದುಡಿಮೆ ಒಂದು ತಪ್ಪು ಹೆಜ್ಜೆಗೆ ಹೋದಾಗ ‘ಇನ್ನೊಂದು ಸುತ್ತು’ ಎನ್ನುವವರಿಗಿಂತ ‘ನಾಳೆ ಬೇಗ ಏಳಬೇಕು’ ಎನ್ನುವವರೇ ಹೆಚ್ಚು.

ಕಾಯುವ ಸಮಸ್ಯೆಗೆ ಇತ್ತೀಚಿನ ಎರಡು ಆಟಗಳು ಒಳ್ಳೆಯ ಪರಿಹಾರ ಕೊಟ್ಟಿವೆ. 2024ರ ಏಪ್ರಿಲ್ 1ರಂದು ಬಂದು, ಮೊದಲ 24 ಗಂಟೆ ಉಚಿತವಾಗಿ ಸಿಕ್ಕ ಲ್ಯಾಂಡ್‌ಫಾಲ್‌ನ ಕಂಟೆಂಟ್ ವಾರ್ನಿಂಗ್‌ನಲ್ಲಿ ನೆಲದಡಿಗೆ ಇಳಿದು ರಾಕ್ಷಸರನ್ನು ವಿಡಿಯೊ ಮಾಡಿ ವೀಕ್ಷಣೆ ಗಳಿಸುವುದೇ ಕೆಲಸ. ಬದುಕಿ ಮೇಲೆ ಬಂದವರು ಕ್ಯಾಮೆರಾ ತಂದರೆ, ಆ ಚಿತ್ರವನ್ನು ಎಲ್ಲರೂ ಒಟ್ಟಿಗೆ ಟಿವಿಯ ಮುಂದೆ ನಿಂತು ನೋಡಬಹುದು. ಮೊದಲ ನಿಮಿಷದಲ್ಲೇ ಸತ್ತವನು ಆ ಚಿತ್ರದ ನಾಯಕನಾಗಿರುವುದು ಸಾಮಾನ್ಯ. ಅವನ ಸಾವೇ ಹೆಚ್ಚು ವೀಕ್ಷಣೆ ತರುತ್ತದೆ. 2025ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಸೆಮಿವರ್ಕ್ ಬಿಟ್ಟ, ಬೆಲೆಬಾಳುವ ಸಾಮಾನು ಹೊತ್ತು ತರುವ ರೆಪೊ ಆಟದಲ್ಲಿ ಸತ್ತವನ ತಲೆ ಉರುಳಿ ಬಿದ್ದಿರುತ್ತದೆ. ಅದನ್ನು ಹೊತ್ತು ಸಾಮಾನು ಒಪ್ಪಿಸುವ ಜಾಗಕ್ಕೆ ಮುಟ್ಟಿಸಿದರೆ ಅವನು ಮತ್ತೆ ಜೀವ ಪಡೆಯುತ್ತಾನೆ, ಅತ್ಯಲ್ಪ ಶಕ್ತಿಯೊಂದಿಗೆ. ಗೆಳೆಯನ ತಲೆ ಹೊರುವುದೋ, ಬೆಲೆಬಾಳುವ ಹೂದಾನಿ ಹೊರುವುದೋ ಎಂದು ಕತ್ತಲಲ್ಲಿ ನಿಂತು ಯೋಚಿಸುವಾಗ ಗೆಳೆತನದ ಅಳತೆ ಸಿಗುತ್ತದೆ.

ನೀವು ಬರೆಯದ ಒಂದು ತೊಂದರೆ ಇದೆ, ಬಹುಶಃ ನಿಮಗೆ ಹೊಳೆದಿಲ್ಲ. ಬೆಂಗಳೂರಿನಲ್ಲಿ ರಾತ್ರಿ 10 ಗಂಟೆ ಎಂದರೆ ಬೇಸಿಗೆಯ ಟೊರೊಂಟೊದಲ್ಲಿ ಮಧ್ಯಾಹ್ನ 12.30, ಚಳಿಗಾಲದಲ್ಲಿ 11.30. ನಿಮ್ಮ ನಾಲ್ಕನೆಯವನು ಕಿಟಕಿಯಿಂದ ಬಿಸಿಲು ಬೀಳುವ ಕೋಣೆಯಲ್ಲಿ, ಊಟದ ಹೊತ್ತಿನಲ್ಲಿ ದೆವ್ವ ಹುಡುಕುತ್ತಿದ್ದಾನೆ. ಅವನಿಗೆ ಭಯವಾಗದಿದ್ದರೆ ಅವನ ತಪ್ಪಲ್ಲ, ಮತ್ತು ಒಬ್ಬನ ನಿರಾಳ ದನಿ ಉಳಿದ ಮೂವರ ಭಯವನ್ನೂ ಕರಗಿಸುತ್ತದೆ. ತಿಂಗಳಿಗೊಮ್ಮೆಯಾದರೂ ನೀವು ಮೂವರು ಭಾನುವಾರ ನಸುಕಿನ 5.30ಕ್ಕೆ ಎದ್ದು ಕುಳಿತರೆ ಬೇಸಿಗೆಯಲ್ಲಿ ಅವನಿಗೆ ಶನಿವಾರ ರಾತ್ರಿ 8 ಆಗಿರುತ್ತದೆ. ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಹಿಂದೆ. ಆಗ ಎಲ್ಲರಿಗೂ ಕತ್ತಲೆ; ಬೇಸಿಗೆಯಲ್ಲಿ ಅವನು ಕಿಟಕಿಯ ಪರದೆ ಎಳೆದುಕೊಳ್ಳಬೇಕಾದೀತು. ದೂರದ ಕಾರಣದಿಂದ ಅವನ ಸಂಕೇತ ಬಂದು ಹೋಗಲು 200 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವುದು ಸಾಮಾನ್ಯ. ಸಾಕ್ಷ್ಯ ಹುಡುಕುವ ಆಟದಲ್ಲಿ ಇದು ನಡೆಯುತ್ತದೆ. ಇಬ್ಬರು ಸೇರಿ ಪಿಯಾನೊ ಎತ್ತುವ ರೆಪೊದಂಥ ಆಟದಲ್ಲಿ ಪಿಯಾನೊ ನಡುಗುತ್ತದೆ, ಗೋಡೆಗೆ ಬಡಿಯುತ್ತದೆ, ಜಗಳವಾಗುತ್ತದೆ.

ಅಪರಿಚಿತರನ್ನು ಸೇರಿಸಿಕೊಂಡು ಆಡುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ದನಿಯನ್ನು ನಂಬಿ ಕಟ್ಟಿದ ಆಟದಲ್ಲಿ ಗೊತ್ತಿಲ್ಲದ ದನಿಯ ಸಾವು ಯಾರ ಎದೆಯನ್ನೂ ಅಲುಗಿಸುವುದಿಲ್ಲ. ಟೆನ್ ಚೇಂಬರ್ಸ್‌ನವರ ಜಿಟಿಎಫ್‌ಒ ಹೆಸರನ್ನೂ ನಿಮಗೆ ಯಾರಾದರೂ ಹೇಳಿರಬಹುದು. ಮಲಗಿರುವ ವಿಕಾರ ಜೀವಿಗಳ ನಡುವೆ ನಾಲ್ವರು ಉಸಿರು ಬಿಗಿಹಿಡಿದು ನಡೆಯುವ ಆ ಬಿಗುವಿಗೆ ಸಾಟಿ ಕಡಿಮೆ. ಆದರೆ ಒಂದು ಸುತ್ತು ಗಂಟೆ ದಾಟುವುದು ಮಾಮೂಲು, ಒಬ್ಬನಿಗೆ ಮನೆಯಿಂದ ಕರೆ ಬಂದರೆ ಎಲ್ಲರ ಸಂಜೆಯೂ ಹಾಳು. ಮನೆ ಮಠ ಇರುವವರ ಆಟವಲ್ಲ.

ಹಾಗಾದರೆ ಮುಂದಿನ ವಾರ ಏನು ಮಾಡುವುದು? ಇರುವ ಆಟವನ್ನೇ ಇಟ್ಟುಕೊಳ್ಳಿ, ಆಟದೊಳಗಿನ ಮಾತಿನ ವ್ಯವಸ್ಥೆಯನ್ನು ಮಾತ್ರ ಬಳಸಿ, ನಾಲ್ವರೂ ಹೆಡ್‌ಫೋನ್ ಹಾಕಿಕೊಳ್ಳಿ. ಹರಟೆಗೆ ಡಿಸ್ಕಾರ್ಡ್ ಬೇಕೆಂದರೆ ಸುತ್ತುಗಳ ನಡುವೆ ಹತ್ತು ನಿಮಿಷ ತೆರೆಯಿರಿ. ಆಗಲೂ ಸಪ್ಪೆಯಾಗಿದ್ದರೆ ಫಾಸ್ಮೋಫೋಬಿಯಾದ ಆಯಸ್ಸು ನಿಮ್ಮ ಗುಂಪಿನಲ್ಲಿ ಮುಗಿದಿದೆ. ಅದು ಅವಮಾನವಲ್ಲ, ತಿಳಿದ ಮೇಲೆ ಮರೆಯಲಾಗದ ಆಟ ಅದು. ಕಂಟೆಂಟ್ ವಾರ್ನಿಂಗ್ ಕೊಳ್ಳಿ, ನಿಮ್ಮ ಪಂಡಿತನ ಕೈಗೆ ಕ್ಯಾಮೆರಾ ಕೊಡಿ, ಅವನು ವಿಕಿ ಓದಿ ಮುಗಿಸುವ ಮೊದಲು ಆಡಿಬಿಡಿ. ಲೀಥಲ್ ಕಂಪನಿಯನ್ನು ಮುಂದುವರಿಸುವುದಾದರೆ ಹೋಸ್ಟ್ ಯಾರೆಂದು ಯೋಚಿಸಿ ನಿರ್ಧರಿಸಿ. ಕೂಡಿಟ್ಟ ಆಟ ಉಳಿಯುವುದು ಹೋಸ್ಟ್‌ನ ಕಂಪ್ಯೂಟರಿನಲ್ಲಿ, ಅವನು ಹೊರಬಿದ್ದರೆ ಎಲ್ಲರೂ ಹೊರಗೆ. ಮೂವರು ಇಲ್ಲಿರುವುದರಿಂದ ಟೊರೊಂಟೊದವನು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನವನೂ ಬೇಡ, ಅವನ ಮನೆಯಲ್ಲಿ ಯುಪಿಎಸ್ ಇದ್ದರೆ ಮಾತ್ರ ಪರವಾಗಿಲ್ಲ.